ಭರತ ಇಳಿತ ನೋಡಿಕೊಂಡು ಚೋಡಣಕ್ಕೆ ಹೋಗಿ: ಮಾಂಡವಿಯ ಕಾಂಡ್ಲಾ ಕಾಡನ್ನು ನೋಡುವ ಕ್ರಮ

ಗೋವೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಮಾಂಡವಿ ಎಂದರೆ ಪಣಜಿಯ ಸೇತುವೆಗಳು ಮತ್ತು ಸಂಜೆಯ ಹೊತ್ತು ದೀಪ ಬೆಳಗಿಕೊಂಡು ನಿಲ್ಲುವ ಹಡಗುಗಳು. ಹುಬ್ಬಳ್ಳಿ, ಗದಗ, ಬೆಳಗಾವಿ ಕಡೆಯಿಂದ ನೆಂಟರು ಬಂದಾಗ ನಾವು ಅವರಿಗೆ ತೋರಿಸುವುದೂ ಅದನ್ನೇ. ಆ ಸೇತುವೆಗಳಿಂದ ನದಿಯ ಮೇಲ್ದಿಕ್ಕಿಗೆ ಕೆಲವೇ ಕಿಲೋಮೀಟರ್ ಸಾಗಿದರೆ, ಚೋಡಣ ದ್ವೀಪದ ಪಶ್ಚಿಮ ತುದಿಯಲ್ಲಿ, ದಿನಕ್ಕೆರಡು ಸಲ ನದಿಯ ನೀರು ಒಳಹೊಕ್ಕು ಹೊರಡುವ ಒಂದು ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇದೆ. ಸರ್ಕಾರಿ ಫಲಕಗಳಲ್ಲಿ ಈ ದ್ವೀಪದ ಹೆಸರು ಚೊರಾವ್ ಎಂದಿರುತ್ತದೆ. 1.78 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡನ್ನು 1988ರಲ್ಲಿ ಡಾ. ಸಲೀಂ ಅಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. ಪಕ್ಷಿಗಳ ಅಧ್ಯಯನಕ್ಕೆ ಬದುಕನ್ನೇ ಮುಡಿಪಾಗಿಟ್ಟ ಸಲೀಂ ಅಲಿಯವರು ತೀರಿಕೊಂಡದ್ದು ಅದರ ಹಿಂದಿನ ವರ್ಷ. ಗೋವೆಯ ವನ್ಯಜೀವಿ ಧಾಮಗಳಲ್ಲಿ ಇದೇ ಅತ್ಯಂತ ಚಿಕ್ಕದು.

ಇಲ್ಲಿಗೆ ಹೋಗಿ ಬಂದ ಅನೇಕರು ಅಲ್ಲಿ ನೋಡುವಂಥದ್ದೇನೂ ಇರಲಿಲ್ಲವೆಂದು ಹೇಳುವುದನ್ನು ಕೇಳಿದ್ದೇನೆ. ಅವರು ಹೋದ ಹೊತ್ತು ಕೇಳಿದರೆ ಕಾರಣ ತಿಳಿದುಬಿಡುತ್ತದೆ: ಊಟ ಮುಗಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ, ನೀರು ತುಂಬಿರುವಾಗ ಹೋಗಿರುತ್ತಾರೆ. ಈ ಕಾಡನ್ನು ನೋಡುವುದಕ್ಕೆ ಎರಡು ವಿಷಯಗಳು ತಿಳಿದಿರಬೇಕು. ಮೊದಲನೆಯದು ನೀರಿನ ವೇಳೆ. ಎರಡನೆಯದು, ಕಾಡಿನ ಪಕ್ಕದಲ್ಲೇ ಇರುವ ಮಣ್ಣಿನ ಒಡ್ಡು ಮತ್ತು ಅದರಾಚೆಯ ಗದ್ದೆಗಳು ಇದೇ ವ್ಯವಸ್ಥೆಯ ಇನ್ನೊಂದು ಅರ್ಧ ಎಂಬ ಮಾತು. ಧಾಮದ ಗೇಟಿನೊಳಗೆ ಹೋಗಿ ಹಕ್ಕಿ ನೋಡಿ ಹಿಂದಿರುಗಿದವರು ಅರ್ಧವನ್ನಷ್ಟೇ ಕಂಡಿರುತ್ತಾರೆ.

ಹೊರಡುವ ಮೊದಲು ನದಿಯ ಬಗ್ಗೆ

ಮಾಂಡವಿ ನಮಗೆ ಹೊರಗಿನ ನದಿಯಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಮಹಾದಾಯಿಯಾಗಿ ಹುಟ್ಟುವ ಹೊಳೆಯೇ ಘಟ್ಟವಿಳಿದು, ಸತ್ತರಿಯ ಮೂಲಕ ಹಾದು, ಮಾಂಡವಿಯಾಗಿ ಪಣಜಿಯ ಬಳಿ ಸಮುದ್ರ ಸೇರುತ್ತದೆ. ಘಟ್ಟದ ಬುಡ ದಾಟಿದ ಮೇಲೆ ನದಿಯ ಪಾತ್ರಕ್ಕೆ ಇಳಿಜಾರು ಎಂಬುದೇ ಇಲ್ಲವಾಗುವುದರಿಂದ, ಸಮುದ್ರದ ಭರತವು (ಉಬ್ಬರವು) ಅಳಿವೆಯಿಂದ ಸುಮಾರು 50 ಕಿಲೋಮೀಟರ್ ಒಳಗಿರುವ ಗಾಂಜೆಯವರೆಗೂ ಏರುತ್ತದೆ. ಅಂದರೆ ದಿನದಲ್ಲಿ ಎರಡು ಸಲ ಈ ನದಿ ಹಿಂದಕ್ಕೆ ಹರಿಯುತ್ತದೆ. ಮಳೆಗಾಲದಲ್ಲಿ ಘಟ್ಟದಿಂದ ಬರುವ ಕೆಂಪು ಸಿಹಿನೀರು ಉಪ್ಪನ್ನು ಅಳಿವೆಯತ್ತ ದೂಡುತ್ತದೆ, ಬೇಸಿಗೆಯಲ್ಲಿ ಉಪ್ಪುನೀರು ಒಳನಾಡಿನತ್ತ ಮೇಲೇರುತ್ತದೆ. ಇವೆರಡೂ ಹೊತ್ತು ತಂದ ಮಣ್ಣು ನಿಲ್ಲುವ ತಗ್ಗುಗಳಲ್ಲಿ ಒಂದು ಚೋಡಣ, ಇನ್ನೊಂದು ಅದರ ಪಕ್ಕದ ದಿವಾಡಿ.

ಮಹಾದಾಯಿಯ ನೀರಿನ ಹಂಚಿಕೆ 2010ರಲ್ಲಿ ರಚಿತವಾದ ನ್ಯಾಯಮಂಡಳಿಯ ಮುಂದೆ ಹೋಗಿ, 2018ರ ಆಗಸ್ಟ್‌ನಲ್ಲಿ ತೀರ್ಪು ಹೊರಬಿದ್ದ ಮೇಲೂ ಮುಗಿಯದೆ ಉಳಿದಿರುವ ತಕರಾರು. ಗೋವೆಯಲ್ಲಿ ಬಾಳುವ ಕನ್ನಡಿಗರಿಗೆ ಆ ಮಾತು ಎತ್ತುವುದು ಸುಲಭವಲ್ಲವೆಂಬುದು ನನಗೆ ಗೊತ್ತು. ಯಾರ ಪಾಲು ಎಷ್ಟೆಂಬುದನ್ನು ಇಲ್ಲಿ ಚರ್ಚಿಸುವುದಿಲ್ಲ. ಆದರೆ ಚೋಡಣದ ಕಾಡಿನಲ್ಲಿ ನಿಂತಾಗ ಒಂದು ಸಂಗತಿಯನ್ನು ಮರೆಯಲಾಗದು. ಉಪ್ಪುನೀರಿನಲ್ಲಿ ಬದುಕಬಲ್ಲ ಈ ಮರಗಳಿಗೂ ವರ್ಷಕ್ಕೊಮ್ಮೆ ಬೇರನ್ನು ತೊಳೆಯುವ ಸಿಹಿನೀರು ಬೇಕು, ಮತ್ತು ಆ ನೀರಿನ ಒಂದು ಪಾಲು ನಮ್ಮ ಖಾನಾಪುರದ ಕಾಡಿನಿಂದ ಬರುತ್ತದೆ.

ದಿನವನ್ನು ಆರಿಸುವುದು

ವಲಸೆ ಹಕ್ಕಿಗಳು ಇರುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ನವೆಂಬರ್‌ನಿಂದ ಫೆಬ್ರವರಿಯವರೆಗಿನ ನಾಲ್ಕು ತಿಂಗಳುಗಳಲ್ಲಿ ಹವೆಯೂ ಹಿತವಾಗಿರುತ್ತದೆ. ಮಳೆಗಾಲದಲ್ಲಿ ಕಾಲುದಾರಿ ಪಾಚಿಗಟ್ಟಿ ಜಾರುತ್ತದೆ, ದೋಣಿಯಲ್ಲಿ ಹೋಗುವುದೂ ಸುರಕ್ಷಿತವಲ್ಲ. ಹಾಗಾಗಿ ಮಕ್ಕಳನ್ನು ಕರೆದುಕೊಂಡು ಹೋಗುವವರು ಮಳೆಗಾಲವನ್ನು ಬಿಡುವುದು ಒಳ್ಳೆಯದು.

ತಿಂಗಳಿಗಿಂತ ಮುಖ್ಯವಾದುದು ನೀರಿನ ವೇಳೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ ಬೇಕಾಗುತ್ತದೆ, ಆದ್ದರಿಂದ ದಿನದಿಂದ ದಿನಕ್ಕೆ ಭರತವೂ ಇಳಿತವೂ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಹುಣ್ಣಿಮೆ ಮತ್ತು ಅಮಾವಾಸ್ಯೆಗಳ ಸುಮಾರಿಗೆ ನೀರಿನ ಏರಿಳಿತ ಅತಿ ಹೆಚ್ಚಿರುತ್ತದೆ, ಎರಡು ಮೀಟರ್ ಆಸುಪಾಸಿಗೆ ಬರುತ್ತದೆ. ಅಷ್ಟಮಿಯ ಸುಮಾರಿಗೆ ಅದು ಕಡಿಮೆಯಾಗುತ್ತದೆ. ಗೋವೆಯ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ನೀರು ತುಂಬುವುದು ಹೆಚ್ಚು ಕಡಿಮೆ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಮತ್ತು ಮಧ್ಯರಾತ್ರಿಗೆ ಸ್ವಲ್ಪ ಮುಂಚೆ. ಇಳಿತವು ನಸುಕಿನಲ್ಲಿ ಮತ್ತು ಇಳಿಹೊತ್ತಿನಲ್ಲಿ ಬರುತ್ತದೆ. ಈ ಲೆಕ್ಕವನ್ನು ಹಿಡಿದರೆ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ನೋಡಿಯೇ ದಿನ ಗೊತ್ತುಮಾಡಬಹುದು: ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಎರಡನೆಯ ಅಥವಾ ಮೂರನೆಯ ದಿನ, ಸೂರ್ಯ ಹುಟ್ಟುವ ಹೊತ್ತಿಗೆ ನೀರು ಇಳಿದಿರುತ್ತದೆ, ಕೆಸರು ತೆರೆದಿರುತ್ತದೆ, ಹಕ್ಕಿಗಳು ಮೇಯಲು ಇಳಿದಿರುತ್ತವೆ. ಮಧ್ಯಾಹ್ನದ ಹೊತ್ತಿಗೆ ಕಾಲುವೆಗಳು ತುಂಬುವುದರಿಂದ ಅದೇ ದಿನ ದೋಣಿಯಲ್ಲಿಯೂ ಹೋಗಿ ಬರಬಹುದು.

ಇಷ್ಟರ ಮೇಲೆ, ಮುರ್ಗಾಂವ್ ಬಂದರಿನ ಭರತ-ಇಳಿತದ ವೇಳಾಪಟ್ಟಿಯನ್ನು ಮೊಬೈಲಿನಲ್ಲಿ ಒಮ್ಮೆ ತಾಳೆ ನೋಡಿಕೊಳ್ಳಿ. ಚೋಡಣವು ಅಳಿವೆಯಿಂದ ಒಳಗಿರುವುದರಿಂದ ಬಂದರಿನ ವೇಳೆಗಿಂತ ಇಲ್ಲಿ ಸ್ವಲ್ಪ ತಡವಾಗಿಯೇ ನೀರು ತಿರುಗುತ್ತದೆ. ವಾಸ್ಕೋದಲ್ಲಿ ಮೀನುಗಾರರ ನೆರೆಯಲ್ಲಿರುವವರಿಗೆ ಈ ಪಟ್ಟಿಯೂ ಬೇಕಾಗದು. ಪಕ್ಕದ ಮನೆಯವರನ್ನು ಭರತಿ ಯಾವಾಗ, ಸುಕತಿ ಯಾವಾಗ ಎಂದು ಕೇಳಿದರೆ ಅವರು ಆಕಾಶ ನೋಡಿಯೇ ಹೇಳುತ್ತಾರೆ.

ತಲುಪುವ ದಾರಿ

ಪಣಜಿಯ ಕದಂಬ ಬಸ್ ನಿಲ್ದಾಣದಿಂದ ರಾಯಬಂದರದ ಮಾರ್ಗವಾಗಿ ಹಳೆ ಗೋವೆಗೆ ಹೋಗುವ ಬಸ್ಸನ್ನು ಹತ್ತಿ, ರಾಯಬಂದರದ ಫೆರಿ ಕಟ್ಟೆಯಲ್ಲಿ ಇಳಿಯಿರಿ. ಬೈಪಾಸ್ ಹಿಡಿಯುವ ಬಸ್ ಹತ್ತಿದರೆ ಕಟ್ಟೆ ಸಿಗುವುದಿಲ್ಲ. ದಾರಿಯಲ್ಲಿ ಬಸ್ಸಿನ ಕಿಟಕಿಯ ಪಕ್ಕ ಜಾಗ ಸಿಕ್ಕರೆ ಒಳ್ಳೆಯದು. ಏಕೆಂದರೆ ಪಣಜಿಗೂ ರಾಯಬಂದರಕ್ಕೂ ನಡುವಿನ ಆ ರಸ್ತೆ 1633-34ರ ಸುಮಾರಿಗೆ ಪೋರ್ಚುಗೀಸರು ಕಟ್ಟಿದ, ಮೂರು ಕಿಲೋಮೀಟರಿಗೂ ಉದ್ದನೆಯ ಸೇತುಮಾರ್ಗ. ಅದರ ಎರಡೂ ಕಡೆ ಕಾಂಡ್ಲಾ ಮರಗಳನ್ನೂ ಉಪ್ಪಿನ ಆಗರಗಳಿದ್ದ ತಗ್ಗನ್ನೂ ನೋಡುತ್ತ ಹೋಗಬಹುದು. ಕಟ್ಟೆಯಿಂದ ಫೆರಿ ಕೆಲವೇ ನಿಮಿಷಗಳಲ್ಲಿ ನದಿ ದಾಟಿಸುತ್ತದೆ. ಬೆಳಗಿನ ಕೆಲಸದ ವೇಳೆಗೆ ದ್ವೀಪದವರು ಪಣಜಿಗೆ ಹೊರಡುವುದರಿಂದ ಫೆರಿಯಲ್ಲಿ ಜನ, ವಾಹನ ಎರಡೂ ಹೆಚ್ಚು. ನಸುಕಿನ ಫೆರಿ ಹಿಡಿದರೆ ಆ ಗದ್ದಲ ತಪ್ಪುತ್ತದೆ. ಡಿಚೋಲಿ ಕಡೆಯಿಂದ ಬರುವವರಿಗೆ ಮಯೆಯ ಮೂಲಕ ರಸ್ತೆಯೂ ಇದೆ. ಆದರೆ ಮೊದಲ ಸಲ ಬರುವವರು ನದಿಯನ್ನು ದಾಟಿಯೇ ಬರಲಿ ಎಂಬುದು ನನ್ನ ಅಭಿಪ್ರಾಯ. ನೀರಿನ ಮಟ್ಟದಿಂದ ನೋಡಿದಾಗಲೇ ಈ ದ್ವೀಪ ಎಷ್ಟು ತಗ್ಗಿನಲ್ಲಿದೆ ಎಂಬುದು ತಿಳಿಯುತ್ತದೆ.

ಫೆರಿಯಿಂದ ಇಳಿದು ಎಡಕ್ಕೆ ತಿರುಗಿದರೆ ಧಾಮದ ಪ್ರವೇಶ ಹತ್ತಿರದಲ್ಲೇ ಇದೆ. ಅರಣ್ಯ ಇಲಾಖೆಯ ಕಟ್ಟೆಯಲ್ಲಿ ಚೀಟಿ ಪಡೆದು, ಕ್ಯಾಮೆರಾ ಇದ್ದರೆ ಅದಕ್ಕೂ ಕೇಳಿ ಹಣ ಕೊಟ್ಟು ಒಳಗೆ ಹೋಗಬೇಕು. ಒಳಗೆ ತಿನಿಸು, ಕುಡಿಯುವ ನೀರು ಸಿಗುತ್ತದೆ ಎಂದುಕೊಳ್ಳಬೇಡಿ. ಮನೆಯಿಂದಲೇ ನೀರು ತನ್ನಿ. ಬುತ್ತಿಯನ್ನು ಮಾತ್ರ ಹೊರಗೆ ಬಂದ ಮೇಲೆ ಬಿಚ್ಚಿ. ತುಂಬು ತೋಳಿನ, ಮಣ್ಣು ಅಥವಾ ಎಲೆಯ ಬಣ್ಣದ ಬಟ್ಟೆ ತೊಡಿ. ಸೊಳ್ಳೆಗಳು ವಿಪರೀತ. ದುರ್ಬೀನು ಒಂದು ಇದ್ದರೆ ಇಡೀ ಮನೆಯವರಿಗೆ ಸಾಲುತ್ತದೆ, ಅದಿಲ್ಲದೆ ಬಂದರೆ ಅರ್ಧ ಹಕ್ಕಿಗಳು ಬರಿಯ ಚುಕ್ಕೆಗಳಾಗಿಯೇ ಉಳಿಯುತ್ತವೆ.

ಕಾಡಿನೊಳಗೆ: ಮೊದಲು ಬೇರು, ಆಮೇಲೆ ಹಕ್ಕಿ

ಒಳಗಿರುವುದು ಕಾಂಡ್ಲಾ ಮರಗಳ ನಡುವೆ ಹಾದುಹೋಗುವ ಒಂದು ಕಾಲುದಾರಿ ಮತ್ತು ಒಂದು ವೀಕ್ಷಣಾ ಗೋಪುರ. ನೇರವಾಗಿ ಗೋಪುರದ ಕಡೆಗೆ ನಡೆದುಬಿಡುವುದು ಎಲ್ಲರ ರೂಢಿ. ಹಾಗೆ ಮಾಡದೆ, ದಾರಿಯ ಮೊದಲ ಭಾಗದಲ್ಲೇ ನಿಂತು ನೆಲವನ್ನು ನೋಡಿ. ಈ ಕಾಡಿನ ಕಥೆ ಇರುವುದು ನೆಲದಲ್ಲಿ.

ನೀರು ನಿಲ್ಲುವ ಕೆಸರಿನಲ್ಲಿ ಗಾಳಿಯೇ ಇರುವುದಿಲ್ಲ. ಸಾಮಾನ್ಯ ಮರವೊಂದನ್ನು ಅಲ್ಲಿ ನೆಟ್ಟರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಇಲ್ಲಿನ ಪ್ರತಿಯೊಂದು ಜಾತಿಯ ಮರವೂ ಈ ತೊಡಕನ್ನು ತನ್ನದೇ ರೀತಿಯಲ್ಲಿ ಬಗೆಹರಿಸಿಕೊಂಡಿದೆ, ಮತ್ತು ಆ ರೀತಿಯನ್ನು ನೋಡಿಯೇ ಮರವನ್ನು ಗುರುತಿಸಬಹುದು. ಕಾಂಡದ ನಡುವಿನಿಂದಲೇ ಕಮಾನುಗಳಂತೆ ಬಾಗಿ ಕೆಸರಿಗೆ ಇಳಿದ ಊರುಗೋಲು ಬೇರುಗಳು ಕಂಡರೆ ಅದು ರೈಜೋಫೋರಾ. ಸೀಸದ ಕಡ್ಡಿಯಷ್ಟು ಸಣ್ಣನೆಯ ಮೊನೆಗಳು ನೂರಾರು ಸಂಖ್ಯೆಯಲ್ಲಿ ಕೆಸರಿನಿಂದ ಮೇಲೆದ್ದಿದ್ದರೆ ಅವು ಉಪ್ಪಟಿ ಮರದ ಉಸಿರುಬೇರುಗಳು. ಸಸ್ಯಶಾಸ್ತ್ರದವರು ಇದನ್ನು ಅವಿಸೆನಿಯಾ ಎನ್ನುತ್ತಾರೆ. ಅದೇ ಮೊನೆಗಳು ದಪ್ಪಗೆ, ಬುಡದಲ್ಲಿ ಅಗಲವಾಗಿ, ಗೂಟ ಹೊಡೆದಂತೆ ಇದ್ದರೆ ಪಕ್ಕದಲ್ಲಿರುವುದು ಸೊನ್ನೆರೇಷಿಯಾ. ಅದರ ಹೂವು ಅರಳುವುದು ರಾತ್ರಿ, ಬಾವಲಿಗಳು ಅದರ ಮಕರಂದಕ್ಕೆ ಬರುತ್ತವೆ. ಬೆಳಗಿನ ಹೊತ್ತು ಹೋದವರಿಗೆ ಉದುರಿದ ಕೇಸರಗಳು ನೀರಿನ ಮೇಲೆ ತೇಲುತ್ತಿರುವುದು ಕಾಣಬಹುದು.

ಮುಂದೆ ಎಲೆಗಳನ್ನು ನೋಡಿ. ಉಪ್ಪಟಿಯ ಎಲೆಯನ್ನು ಬಿಸಿಲು ಬಿದ್ದ ಕಡೆ ಸೂಕ್ಷ್ಮವಾಗಿ ಗಮನಿಸಿದರೆ ಮೇಲೆ ಉಪ್ಪಿನ ಕಣಗಳು ಹೊಳೆಯುತ್ತವೆ. ಬೇರು ಹೀರಿಕೊಂಡ ಹೆಚ್ಚುವರಿ ಉಪ್ಪನ್ನು ಈ ಮರ ಎಲೆಯ ಮೂಲಕ ಹೊರಹಾಕುತ್ತದೆ. ರೈಜೋಫೋರಾ ಹಾಗಲ್ಲ, ಅದು ಬೇರಿನಲ್ಲೇ ಬಹುಪಾಲು ಉಪ್ಪನ್ನು ಸೋಸಿಬಿಡುತ್ತದೆ. ದಾರಿಯ ಅಂಚಿನಲ್ಲಿ ಮುಳ್ಳಂಚಿನ ಎಲೆ, ನೀಲಿ ಛಾಯೆಯ ಹೂವು ಇರುವ ಪೊದೆ ಹೊಳೆಚುಳ್ಳಿ. ಒಂದು ಮರದ ಬಗ್ಗೆ ಮಾತ್ರ ಮಕ್ಕಳಿಗೆ ಮೊದಲೇ ಎಚ್ಚರಿಕೆ ಹೇಳಿ. ಉದುರುವ ಮುನ್ನ ಎಲೆ ಕೆಂಪಾಗುವ, ಕಿತ್ತರೆ ಬಿಳಿಯ ಹಾಲು ಬರುವ ಎಕ್ಸೋಕೇರಿಯಾ ಎಂಬ ಮರ ಇಂಥ ಕಾಡುಗಳಲ್ಲಿ ಇರುತ್ತದೆ. ಆ ಹಾಲು ಕಣ್ಣಿಗೆ ಸಿಡಿದರೆ ತಾತ್ಕಾಲಿಕವಾಗಿ ದೃಷ್ಟಿಯೇ ಹೋಗುವಷ್ಟು ಉರಿಯುತ್ತದೆ, ಮೈಗೆ ತಗಲಿದರೆ ಬೊಬ್ಬೆ ಏಳುತ್ತದೆ. ಯಾವ ಎಲೆಯನ್ನೂ ಕೀಳದಿರುವುದೇ ಇಲ್ಲಿ ಕ್ಷೇಮ.

ಬೀಜದ ವಿಷಯವನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ರೈಜೋಫೋರಾದ ಕೊಂಬೆಗಳಿಂದ ನುಗ್ಗೆಕಾಯಿಯಂಥ ಹಸಿರು ಕೋಲುಗಳು ಜೋತುಬಿದ್ದಿರುತ್ತವೆ. ಅವು ಕಾಯಿಗಳಲ್ಲ, ಸಸಿಗಳು. ನೆಲಕ್ಕೆ ಬಿದ್ದ ಬೀಜ ಮುಂದಿನ ಭರತದಲ್ಲಿ ಕೊಚ್ಚಿಹೋಗುವ ಅಪಾಯವಿರುವುದರಿಂದ, ಬೀಜವು ತಾಯಿಮರದ ಮೇಲಿರುವಾಗಲೇ ಮೊಳೆತು ಉದ್ದವಾಗುತ್ತದೆ. ಕಳಚಿ ಬಿದ್ದಾಗ ಕೆಸರು ಮೆತ್ತಗಿದ್ದರೆ ಅಲ್ಲೇ ನಾಟುತ್ತದೆ, ನೀರಿದ್ದರೆ ತೇಲುತ್ತ ಹೋಗಿ ಇನ್ನೆಲ್ಲೋ ಬೇರೂರುತ್ತದೆ. ಕೆಸರಿನಲ್ಲಿ ನೆಟ್ಟಗೆ ನಿಂತಿರುವ, ಎರಡೇ ಎಲೆಗಳ ಕೋಲುಗಳನ್ನು ಕಂಡರೆ ಅವು ಕಳೆದ ಒಂದೆರಡು ಮಳೆಗಾಲಗಳ ಮಕ್ಕಳು. ಮಕ್ಕಳೊಂದಿಗೆ ಹೋದವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಇನ್ನು ಕೆಸರು. ಒಂದು ಕಡೆ ಕಾಲು ಅಲ್ಲಾಡಿಸದೆ ಐದು ನಿಮಿಷ ನಿಲ್ಲಿರಿ. ಮೊದಲು ಏನೂ ಇಲ್ಲವೆಂದು ತೋರಿದ ಕಡೆ ಬಿಲಗಳಿಂದ ಏಡಿಗಳು ಹೊರಬರುತ್ತವೆ. ಅವುಗಳಲ್ಲಿ ಗಂಡುಗಳಿಗೆ ಒಂದು ಕೊಂಡಿ ಮೈಯಷ್ಟೇ ದೊಡ್ಡದಾಗಿದ್ದು, ಅದನ್ನು ಎತ್ತಿ ಇಳಿಸುತ್ತ ಹೆಣ್ಣನ್ನು ಕರೆಯುತ್ತವೆ, ಇನ್ನೊಂದು ಗಂಡನ್ನು ಬೆದರಿಸುತ್ತವೆ. ಅವುಗಳ ನಡುವೆ ಕಣ್ಣು ತಲೆಯ ಮೇಲಿರುವ, ಎದೆಯ ರೆಕ್ಕೆಗಳನ್ನೂರಿ ಕೆಸರಿನ ಮೇಲೆ ತೆವಳುವ ಮತ್ತು ಜಿಗಿಯುವ ಮೀನುಗಳು ಇರುತ್ತವೆ. ಏಡಿಯ ಬಿಲಗಳು ಕೆಸರಿಗೆ ಗಾಳಿ ತುಂಬುತ್ತವೆ. ಉದುರಿದ ಎಲೆಗಳು ಏಡಿಗಳಿಗೆ, ಕೊಳೆತದ್ದು ಸೀಗಡಿಯ ಮರಿಗಳಿಗೆ ಆಹಾರವಾಗುತ್ತದೆ. ಬೇರುಗಳ ಸಂದಿಯಲ್ಲಿ ದೊಡ್ಡ ಮೀನುಗಳು ನುಗ್ಗಲಾರವಾದ್ದರಿಂದ ಮರಿಗಳು ಅಲ್ಲಿ ಬೆಳೆದು ಆಮೇಲೆ ನದಿಗೂ ಸಮುದ್ರಕ್ಕೂ ಇಳಿಯುತ್ತವೆ. ಪಣಜಿಯ ಮಾರುಕಟ್ಟೆಯಲ್ಲಿ ನಾವು ಕೊಳ್ಳುವ ಸೀಗಡಿ, ಏಡಿಗಳಿಗೆ ಇಂಥ ಬೇರುಗಳ ಸಂದಿಯೇ ತೊಟ್ಟಿಲು.

ಹಕ್ಕಿಗಳ ವಿಷಯದಲ್ಲಿ, ಮೊದಲ ಸಲ ಬಂದವರು ಮಿಂಚುಳ್ಳಿಗಳನ್ನು ಹುಡುಕಲಿ. ನಮ್ಮ ಊರ ಕೆರೆಗಳ ಸಣ್ಣ ಮಿಂಚುಳ್ಳಿ ಮತ್ತು ಗದ್ದೆ ಮಿಂಚುಳ್ಳಿಗಳೊಂದಿಗೆ, ಕೆಂಪು ದಪ್ಪ ಕೊಕ್ಕಿನ ಹೆಮ್ಮಿಂಚುಳ್ಳಿ, ಚಳಿಗಾಲದಲ್ಲಿ ಬರುವ ಕರಿತಲೆಯ ಮಿಂಚುಳ್ಳಿ, ಇವೆಲ್ಲಕ್ಕಿಂತ ಅಪರೂಪದ, ಕೊರಳಿಗೆ ಬಿಳಿಯ ಪಟ್ಟಿಯಿರುವ ಮಿಂಚುಳ್ಳಿ, ಇಷ್ಟೂ ಈ ಚಿಕ್ಕ ಕಾಡಿನಲ್ಲಿ ದಾಖಲಾಗಿವೆ. ಕೊರಳಪಟ್ಟಿಯದನ್ನು ನೋಡಲೆಂದೇ ದೂರದೂರದ ಪಕ್ಷಿವೀಕ್ಷಕರು ಚೋಡಣಕ್ಕೆ ಬರುತ್ತಾರೆ. ಕೆಸರಿನ ಮೇಲೆ ಬೆಳ್ಳಕ್ಕಿಗಳು, ಬಕಗಳು ಮತ್ತು ಉತ್ತರದ ಶೀತ ದೇಶಗಳಿಂದ ಬಂದ ಗೊರವಗಳು ಮೇಯುತ್ತಿರುತ್ತವೆ. ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತವೆ. ಬಿಳಿಗರುಡ ನದಿಯ ಮೇಲೆ ಸುತ್ತುತ್ತಲೇ ಇರುತ್ತದೆ. ಅದನ್ನು ಕಂಡು ಕೈಮುಗಿಯುವ ಹಿರಿಯರು ಜೊತೆಯಲ್ಲಿದ್ದರೆ ಅವರನ್ನು ಅವಸರಪಡಿಸಬೇಡಿ. ನರಿಗಳೂ ನೀರುನಾಯಿಗಳೂ ಇಲ್ಲಿವೆ. ಅವು ಕಣ್ಣಿಗೆ ಬೀಳುವುದು ಅಪರೂಪವಾದರೂ ಕೆಸರಿನಲ್ಲಿ ಹೆಜ್ಜೆ ಗುರುತುಗಳನ್ನು ಹುಡುಕಬಹುದು.

ದೋಣಿಯಲ್ಲಿ ಹೋಗುವುದಾದರೆ

ಕಾಲುದಾರಿಯಿಂದ ಕಾಣದ ಒಳಗಿನ ಕಾಲುವೆಗಳನ್ನು ನೋಡಲು ಸ್ಥಳೀಯರ ದೋಣಿಗಳಲ್ಲಿ ಹೋಗಬಹುದು. ಅದಕ್ಕೆ ಭರತ ಬೇಕು; ಇಳಿತದಲ್ಲಿ ಕಾಲುವೆಗಳು ಬರಿದಾಗಿ ದೋಣಿ ಕೆಸರಿನಲ್ಲಿ ಹೂತುಹೋಗುತ್ತದೆ. ಯಂತ್ರವಿಲ್ಲದ, ಹುಟ್ಟು ಹಾಕುವ ದೋಣಿಯನ್ನೇ ಕೇಳಿ. ಯಂತ್ರದ ಸದ್ದಿಗೆ ಹಕ್ಕಿಗಳೆಲ್ಲ ಮುಂದಿನ ತಿರುವಿಗೆ ಹಾರಿಹೋಗುತ್ತವೆ. ಬೆಲೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ, ತೇಲು ಕವಚವಿಲ್ಲದೆ ಹತ್ತಬೇಡಿ. ದೋಣಿಯವರನ್ನು ಬಾಬ್ ಎಂದು ಕರೆದು, ಮುರುಕು ಕೊಂಕಣಿಯಲ್ಲಾದರೂ ನಾಲ್ಕು ಮಾತಾಡಿ. ಯಾವ ಮರದ ಮೇಲೆ ಯಾವ ಹಕ್ಕಿ ಕೂರುತ್ತದೆ ಎಂಬುದು ಅವರಿಗೆ ತಿಳಿದಷ್ಟು ಯಾವ ಪುಸ್ತಕಕ್ಕೂ ತಿಳಿಯದು. ನೀರಿಗೆ ಕೈ ಬಿಡುವ ಅಭ್ಯಾಸ ಮಾತ್ರ ಬೇಡ. ಮಾಂಡವಿಯನ್ನೂ ಜುವಾರಿಯನ್ನೂ ಕೂಡಿಸುವ ಕುಂಭಾರಜುವೆ ಕಾಲುವೆಯಲ್ಲಿ ಮೊಸಳೆಗಳಿವೆ, ಅವು ಈ ಕಡೆಗೂ ಬರಬಲ್ಲವು.

ಒಡ್ಡಿನ ಮೇಲಿನ ನಡಿಗೆ

ಇಲ್ಲಿಯವರೆಗಿನದನ್ನು ಯಾವ ಪ್ರವಾಸಿಗನಾದರೂ ಮಾಡಬಹುದು. ಇನ್ನು ಹೇಳುವುದನ್ನು ಮಾಡುವವರು ಕಡಿಮೆ. ಧಾಮದಿಂದ ಹೊರಬಂದು, ಊರಿನ ರಸ್ತೆಯಲ್ಲಿ ಮುಂದೆ ನಡೆದು, ಗದ್ದೆಗಳು ತೆರೆದುಕೊಳ್ಳುವ ಕಡೆ ನಿಲ್ಲಿರಿ. ಖಾಸಗಿ ಗದ್ದೆಗೆ ಇಳಿಯುವ ಮುನ್ನ ಅಲ್ಲಿರುವವರನ್ನು ಕೇಳಿ. ನದಿಗೂ ಗದ್ದೆಗೂ ನಡುವೆ ಮಣ್ಣು ಮತ್ತು ಮುರಕಲ್ಲಿನಿಂದ ಕಟ್ಟಿದ ಒಡ್ಡು ಇರುತ್ತದೆ. ಒಡ್ಡಿನ ಹೊರಗೆ ಕಾಂಡ್ಲಾ, ಒಳಗೆ ಗದ್ದೆ. ಭರತದ ಹೊತ್ತಿನಲ್ಲಿ ನೋಡಿದರೆ ನದಿಯ ನೀರು ಗದ್ದೆಯ ಮಟ್ಟಕ್ಕಿಂತ ಎತ್ತರದಲ್ಲಿರುತ್ತದೆ. ಇದನ್ನು ಇಲ್ಲಿ ಖಾಜನ ಭೂಮಿ ಎನ್ನುತ್ತಾರೆ. ಗೋವೆಯಲ್ಲಿ ಇಂಥ ಭೂಮಿ 17ರಿಂದ 18 ಸಾವಿರ ಹೆಕ್ಟೇರಿನಷ್ಟಿದೆ. ಉತ್ತರ ಕನ್ನಡದ ಅಘನಾಶಿನಿಯ ದಂಡೆಯಲ್ಲಿ ಗಜನಿ ಗದ್ದೆಗಳನ್ನೂ ಅಲ್ಲಿ ಬೆಳೆಯುವ ಕಗ್ಗ ಭತ್ತವನ್ನೂ ಕಂಡವರಿಗೆ ಇದು ಗುರುತಿನ ದೃಶ್ಯ. ಇಲ್ಲಿ ಕಗ್ಗದ ಸ್ಥಾನದಲ್ಲಿರುವುದು ಉಪ್ಪನ್ನು ತಡೆಯಬಲ್ಲ ಕೊರ್ಗುಟ್ ಎಂಬ ತಳಿ.

ಒಡ್ಡಿನಲ್ಲಿ ಎಲ್ಲಿ ನೀರಿನ ಬಾಗಿಲು ಇದೆಯೆಂದು ಹುಡುಕಿ. ಇದನ್ನು ಮಾನಸ್ ಎಂದು ಕರೆಯುತ್ತಾರೆ. ಮರದ ಕದಗಳನ್ನು ಹೇಗೆ ಕೂರಿಸಿರುತ್ತಾರೆಂದರೆ, ಭರತ ಏರಿದಾಗ ನದಿಯ ನೀರಿನ ಒತ್ತಡಕ್ಕೇ ಅವು ಮುಚ್ಚಿಕೊಳ್ಳುತ್ತವೆ, ಇಳಿತದಲ್ಲಿ ಒಳಗಿನ ನೀರಿನ ಒತ್ತಡಕ್ಕೆ ತೆರೆದುಕೊಳ್ಳುತ್ತವೆ. ಮಳೆಗಾಲ ಶುರುವಾದ ಮೇಲೆ ಮಳೆಯ ನೀರು ಗದ್ದೆಯ ಉಪ್ಪನ್ನು ತೊಳೆದು ಇದೇ ಬಾಗಿಲಿನಿಂದ ಹೊರಹೋಗುತ್ತದೆ, ಆಮೇಲೆ ಭತ್ತ. ಕೊಯ್ಲು ಮುಗಿದ ಮೇಲೆ ನದಿಯ ನೀರನ್ನು ಅಳತೆಯಲ್ಲಿ ಒಳಗೆ ಬಿಟ್ಟು ಮೀನು, ಸೀಗಡಿ ಬೆಳೆಸುತ್ತಾರೆ, ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿ ಹಿಡಿಯುತ್ತಾರೆ. ಆ ಬಲೆಯ ಹಕ್ಕನ್ನು ಹರಾಜು ಹಾಕಿ ಬಂದ ಹಣದಿಂದ ಒಡ್ಡಿನ ದುರಸ್ತಿ ನಡೆಸುವುದು ಹಳೆಯ ಗಾಂವಕಾರಿಯ ಪದ್ಧತಿಯಾಗಿತ್ತು. ಊರಿನ ಮೂಲ ಕುಟುಂಬಗಳು ಭೂಮಿಯನ್ನು ಒಟ್ಟಾಗಿ ನಡೆಸುತ್ತಿದ್ದ ಈ ವ್ಯವಸ್ಥೆಯನ್ನು ಪೋರ್ಚುಗೀಸರು ಕೊಮುನಿದಾದ್ ಎಂಬ ಹೆಸರಿನಲ್ಲಿ ಮುಂದುವರಿಸಿದರು.

ಈಗ ಕಾಡಿಗೂ ಒಡ್ಡಿಗೂ ಇರುವ ನಂಟನ್ನು ನೋಡಿ. ಒಡ್ಡಿನ ಹೊರಗಿನ ಕಾಂಡ್ಲಾ ಸಾಲು ಅಲೆಯ ಹೊಡೆತವನ್ನು ತಾನು ತಡೆದು ಮಣ್ಣನ್ನು ಹಿಡಿದಿಡುತ್ತದೆ. ಅದಿರು ಸಾಗಿಸುವ ಬಾರ್ಜುಗಳು ಎಬ್ಬಿಸುವ ಅಲೆಗಳಿಗೆ ಕಾಂಡ್ಲಾ ಇಲ್ಲದ ಒಡ್ಡುಗಳೇ ಮೊದಲು ಕುಸಿಯುತ್ತವೆ. ಹಾಗೆಂದು ಒಡ್ಡಿನ ಒಳಗೆ, ಗದ್ದೆಯಲ್ಲಿ, ಕಾಂಡ್ಲಾ ಎಳೆಯ ಗಿಡಗಳು ದಟ್ಟವಾಗಿ ಬೆಳೆದಿದ್ದರೆ ಅದನ್ನು ಕಂಡು ಸಂತೋಷಪಡಬೇಡಿ. ಒಡ್ಡು ಒಡೆದಿದೆ, ಉಪ್ಪುನೀರು ನುಗ್ಗಿದೆ, ಯಾರದೋ ಭತ್ತದ ಗದ್ದೆ ಕೈತಪ್ಪಿದೆ ಎಂಬುದರ ಗುರುತು ಅದು. 1961ರಲ್ಲಿ ಗೋವೆ ವಿಮೋಚನೆಯಾದ ನಂತರ 1964ರ ಗೇಣಿ ಕಾಯಿದೆ ಉಳುವವರಿಗೆ ನ್ಯಾಯ ಒದಗಿಸಿತು. ಆದರೆ ಒಡ್ಡನ್ನು ನೋಡಿಕೊಳ್ಳುವ ಹೊಣೆ ಕೊಮುನಿದಾದ್‌ನಿಂದ ಗೇಣಿದಾರರ ಸಂಘಗಳಿಗೆ ದಾಟುವ ಹಾದಿಯಲ್ಲಿ ಬಹಳ ಕಡೆ ಸಡಿಲವಾಯಿತು. ಒಮ್ಮೆ ಗದ್ದೆಯಲ್ಲಿ ಬೆಳೆದ ಕಾಂಡ್ಲಾವನ್ನು ಕಡಿಯಲು ಕಾನೂನು ಬಿಡುವುದಿಲ್ಲ, ಬಿಡದೆ ಹೋದರೆ ರೈತನಿಗೆ ಗದ್ದೆ ಮರಳುವುದಿಲ್ಲ. ಎರಡೂ ಕಡೆಯ ನ್ಯಾಯವನ್ನು ಬಲ್ಲವರೇ ಇದಕ್ಕೆ ದಾರಿ ಹುಡುಕಬೇಕು, ಮತ್ತು ಆ ದಾರಿ ಒಡ್ಡು ಒಡೆಯುವ ಮೊದಲೇ ದುರಸ್ತಿ ಮಾಡುವುದರಿಂದ ಆರಂಭವಾಗಬೇಕು ಎಂದು ನಾನು ನಂಬಿದ್ದೇನೆ. ಒಡ್ಡಿನ ಹೊರಗಿನ ಕಾಡು ಹಾಗೂ ಒಳಗಿನ ಗದ್ದೆ, ಎರಡರ ಆಯುಷ್ಯವೂ ಆ ಕೆಲವು ಅಡಿ ಅಗಲದ ಮಣ್ಣಿನ ಮೇಲೆ ನಿಂತಿದೆ.

ಜನರು ಇದನ್ನು ಎಷ್ಟು ಆಳವಾಗಿ ತಿಳಿದಿದ್ದರು ಎಂಬುದಕ್ಕೆ ಪುಷ್ಯ ಅಮಾವಾಸ್ಯೆಯ ಮಾಂಗೆ ಥಾಪಣಿಯೇ ಸಾಕ್ಷಿ. ಕುಂಭಾರಜುವೆ ಕಾಲುವೆ ಮತ್ತು ಜುವಾರಿಯ ದಂಡೆಯ ಭೋಮ, ದುರ್ಭಾಟ ಮೊದಲಾದ ಊರುಗಳಲ್ಲಿ ಖಾಜನ ಗದ್ದೆಯ ರೈತರು ಆ ದಿನ ಕೆಸರಿನಿಂದ ಮೊಸಳೆಯ ಆಕೃತಿಯನ್ನು ಮಾಡಿ, ಚಿಪ್ಪು ಕಡ್ಡಿಗಳಿಂದ ಸಿಂಗರಿಸಿ ಪೂಜಿಸುತ್ತಾರೆ. ಒಡ್ಡುಗಳನ್ನು ಕಾಯುವವನು ಮೊಸಳೆ ಎಂಬ ನಂಬಿಕೆ ಅದು. ನಮ್ಮ ಮಣ್ಣೆತ್ತಿನ ಅಮಾವಾಸ್ಯೆಯನ್ನು ಬಲ್ಲ ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೋಡಲು ಹೋಗುವುದಾದರೆ ಊರಿನವರ ಅನುಮತಿ ಪಡೆದು, ಚಪ್ಪಲಿ ಬಿಟ್ಟು, ಫೋಟೋ ತೆಗೆಯುವ ಮೊದಲು ಕೇಳಿ ನಿಲ್ಲಿರಿ.

ದಿನ ಇನ್ನೂ ಉಳಿದಿದ್ದರೆ ಡಿಚೋಲಿ ಕಡೆಯ ರಸ್ತೆ ಹಿಡಿದು ನಾರ್ವೆಯ ಸಪ್ತಕೋಟೀಶ್ವರ ಗುಡಿಗೆ ಹೋಗಿ ಬನ್ನಿ. ಈ ದೇವರು ಗೋವೆಯ ಕದಂಬರ ಆರಾಧ್ಯದೈವ. ಅವರ ನಾಣ್ಯಗಳ ಮೇಲೆ ಸಪ್ತಕೋಟೀಶ್ವರನ ವರಪ್ರಸಾದದ ಮಾತು ಕೆತ್ತಲ್ಪಟ್ಟಿತ್ತು. ಮೂಲ ಗುಡಿ ಇದ್ದದ್ದು ದಿವಾಡಿ ದ್ವೀಪದಲ್ಲಿ. ಪೋರ್ಚುಗೀಸರ ಕಾಲದಲ್ಲಿ ಅದು ನಾಶವಾಗಿ ದೇವರನ್ನು ನದಿಯಾಚೆಗೆ ತರಲಾಯಿತು, ಈಗಿನ ಗುಡಿಯ ಜೀರ್ಣೋದ್ಧಾರಕ್ಕೆ 1668ರಲ್ಲಿ ಶಿವಾಜಿ ಮಹಾರಾಜರು ಆಜ್ಞೆಯಿತ್ತರು. ಇದೇ ಕದಂಬರು ಖಾನಾಪುರ ತಾಲ್ಲೂಕಿನ ಹಲಸಿಯಿಂದಲೂ ಆಳಿದವರು. ಕನ್ನಡದಲ್ಲಿ ಶಾಸನಗಳನ್ನು ಹಾಕಿಸಿದವರು. ನದಿಯ ಮೂಲವೂ ಅಳಿವೆಯೂ ಒಂದು ಕಾಲದಲ್ಲಿ ಒಂದೇ ಮನೆತನದ ಕೈಯಲ್ಲಿದ್ದವು.

ಮಾಡಬಾರದ್ದು, ಕಂಡರೆ ತಿಳಿಸಬೇಕಾದದ್ದು

ಧಾಮದೊಳಗೆ ಗಿಡ, ಹಕ್ಕಿ, ಏಡಿ, ಮೀನು ಯಾವುದಕ್ಕೇ ಆಗಲಿ ಹಾನಿ ಮಾಡುವುದು, ಅವನ್ನು ಹೊರಗೆ ಒಯ್ಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಹಕ್ಕಿಯನ್ನು ಹತ್ತಿರ ಕರೆಯಲೆಂದು ಮೊಬೈಲಿನಲ್ಲಿ ಅದರ ಕೂಗನ್ನು ಹಾಕುವವರನ್ನು ಇತ್ತೀಚೆಗೆ ಎಲ್ಲೆಡೆ ಕಾಣುತ್ತೇವೆ. ಗೂಡು ಕಟ್ಟುವ ಕಾಲದಲ್ಲಿ ಅದು ಹಕ್ಕಿಯನ್ನು ಮೊಟ್ಟೆಯಿಂದ ಎಬ್ಬಿಸಿ ಅಲೆದಾಡಿಸುತ್ತದೆ. ದಯವಿಟ್ಟು ಮಾಡಬೇಡಿ, ಜೊತೆಯವರನ್ನೂ ತಡೆಯಿರಿ. ಡ್ರೋನ್ ಹಾರಿಸಬೇಡಿ.

ಧಾಮದ ಹೊರಗಿನ ಕಾಂಡ್ಲಾಕ್ಕೂ ರಕ್ಷಣೆ ಇದೆ. ಕರಾವಳಿ ನಿಯಂತ್ರಣ ವಲಯದ ನಿಯಮಗಳಲ್ಲಿ ಕಾಂಡ್ಲಾ ಅತಿ ಸೂಕ್ಷ್ಮ ವರ್ಗಕ್ಕೆ ಸೇರುತ್ತದೆ. ಒಂದು ಕಡೆ ಅದರ ವಿಸ್ತಾರ 1,000 ಚದರ ಮೀಟರಿಗಿಂತ ಹೆಚ್ಚಿದ್ದರೆ ಸುತ್ತಲಿನ 50 ಮೀಟರ್ ಪಟ್ಟಿಯೂ ಆ ರಕ್ಷಣೆಗೆ ಒಳಪಡುತ್ತದೆ. ಗೋವೆಯಲ್ಲಿ ಕಟ್ಟಡದ ಕೆಲಸ ಮಾಡುವ, ಟಿಪ್ಪರ್ ಓಡಿಸುವ ನಮ್ಮವರು ಸಾವಿರಾರು ಜನ ಇದ್ದಾರೆ, ಮಣ್ಣು ಸುರಿಯುವ ಜಾಗ ಯಾವುದೆಂದು ಅವರಿಗೆ ಹೇಳುವವರು ಬೇರೆ. ಆದರೂ ಕಾನೂನಿನ ಏಟು ಮೊದಲು ಬೀಳುವುದು ಚಾಲಕನ ಮೇಲೆ. ಆದ್ದರಿಂದ ಉಸಿರುಬೇರುಗಳಿರುವ ಕೆಸರಿನಲ್ಲಿ ಮಣ್ಣು, ಕಟ್ಟಡದ ಕಸ ಸುರಿಯಲು ಯಾರೇ ಹೇಳಿದರೂ ಒಪ್ಪಬಾರದೆಂದು ನಿಮ್ಮ ಪರಿಚಯದ ಟಿಪ್ಪರ್ ಚಾಲಕರಿಗೆ, ಮೇಸ್ತ್ರಿಗಳಿಗೆ ಕನ್ನಡದಲ್ಲೇ ತಿಳಿಸಿ ಹೇಳಿ. ಬೇರುಗಳ ಮೇಲೆ ಮಣ್ಣು ಬಿದ್ದರೆ ಮರ ಕಡಿಯದೆಯೇ ಸಾಯುತ್ತದೆ.

ಕಾಂಡ್ಲಾ ಕಡಿದದ್ದು, ಮಣ್ಣು ತುಂಬಿದ್ದು ಅಥವಾ ಒಡ್ಡು ಕುಸಿಯುತ್ತಿರುವುದು ಕಂಡರೆ, ದೂರದಿಂದ ಒಂದು ಮತ್ತು ಹತ್ತಿರದಿಂದ ಎರಡು ಚಿತ್ರಗಳನ್ನು ಜಾಗದ ಗುರುತು ದಾಖಲಾಗುವಂತೆ ತೆಗೆದುಕೊಳ್ಳಿ. ದಿನಾಂಕದ ಜೊತೆಗೆ ಆಗ ನೀರು ಭರತದಲ್ಲಿತ್ತೇ ಇಳಿತದಲ್ಲಿತ್ತೇ ಎಂಬುದನ್ನು ಬರೆಯಿರಿ, ಏಕೆಂದರೆ ಒಡ್ಡಿನ ಸೋರಿಕೆ ಇಳಿತದಲ್ಲಿ ಕಾಣದೆ ಹೋಗಬಹುದು. ಧಾಮದೊಳಗಿನದಾದರೆ ಅಲ್ಲಿನ ಅರಣ್ಯ ಸಿಬ್ಬಂದಿಗೆ ಕೂಡಲೇ ಹೇಳಿ. ಹೊರಗಿನದಾದರೆ ಅರಣ್ಯ ಇಲಾಖೆಗೂ ಗೋವಾ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೂ ಲಿಖಿತವಾಗಿ ದೂರು ಕೊಡಬಹುದು. ಕೊಂಕಣಿ, ಮರಾಠಿ ಬರೆಯಲು ಬಾರದವರು ಇಂಗ್ಲಿಷಿನಲ್ಲಿ ನಾಲ್ಕು ಸರಳ ವಾಕ್ಯಗಳನ್ನು ಬರೆದರೂ ಸಾಕು. ಒಡ್ಡಿನ ವಿಷಯವಾದರೆ ಅರ್ಜಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯತಿಗೂ ಸಲ್ಲಿಸಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.